ಅಕ್ಕನ ಹದಿನೈದು ಲಕ್ಷದ ಗೆರೆ

ಸಂಜೆ ಐದೂವರೆಗೆ ಊಟ ಮುಗಿಸುವ ಮನೆಗಳಲ್ಲಿ ಬೇರೆಯೇ ಒಂದು ಹೊತ್ತು ಇರುತ್ತದೆ. ಪಕ್ಕದ ಮನೆಯಲ್ಲಿ ಆಗಷ್ಟೇ ಚಹಾ ಕುದಿಯುತ್ತಿರುತ್ತದೆ, ನಮ್ಮಲ್ಲಿ ರಾತ್ರಿಯ ಪಾತ್ರೆ ತೊಳೆದು ಕವುಚಿ ಹಾಕಿ ಆಗಿರುತ್ತದೆ. ಸೂರ್ಯ ಮುಳುಗಿದ ಮೇಲೆ ತಿನ್ನಬಾರದೆಂಬ ನಿಯಮ ಜೈನರ ಮನೆಯಲ್ಲಿ ಹುಟ್ಟಿದ ನಮಗೆ ಹೊಸತಲ್ಲ. ಆದರೆ ಊಟವಾದ ಮೇಲೆ ಉಳಿಯುವ ಆ ಉದ್ದನೆಯ ಬೆಳಕನ್ನು ಏನು ಮಾಡಬೇಕೆಂದು ಈ ಎಪ್ಪತ್ತನೆಯ ವಯಸ್ಸಿನಲ್ಲೂ ನನಗೆ ಗೊತ್ತಾಗಿಲ್ಲ. ಮೂಡುಬಿದಿರೆಯ ನಮ್ಮ ಓಣಿಯಲ್ಲಿ ಅದು ಮಾಡಿನ ಹಂಚಿನಿಂದ ಇಳಿದು ಎದುರು ಮನೆಯ ಗೋಡೆಗೆ ಬಂದು ಅಲ್ಲೇ ತುಂಬ ಹೊತ್ತು ನಿಲ್ಲುತ್ತದೆ. ನಾನು ಜಗಲಿಯಲ್ಲಿ ಕೂತು ಅರ್ಧ ಎಚ್ಚರ, ಅರ್ಧ ನಿದ್ದೆಯಲ್ಲಿ ಅದನ್ನೇ ನೋಡುತ್ತಿರುತ್ತೇನೆ. ಪಕ್ಕದಲ್ಲಿ ಅಕ್ಕ. ಎಷ್ಟೋ ಸಲ ದೀಪ ಹಚ್ಚುವವರೆಗೆ ನಾವಿಬ್ಬರೂ ಒಂದು ಮಾತೂ ಆಡುವುದಿಲ್ಲ.

ಆಡಿದರೆ ಅದು ಹೆಚ್ಚಾಗಿ ಬಾಂಡಿನ ಮಾತು. ನಗಬೇಡಿ. ನಾನು ಮೂವತ್ತೆರಡು ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿದವನು. ಅಕ್ಕ ಚಾರ್ಮಾಡಿ ಘಾಟಿಯ ಬುಡದಲ್ಲಿ ಒಂದು ಸಣ್ಣ ಅಂಚೆ ಕಚೇರಿ ನಡೆಸಿದವಳು. ಮದುವೆಯಾಗಲಿಲ್ಲ. ಅರುವತ್ತೈದು ತುಂಬಿ ಕೆಲಸ ಬಿಟ್ಟ ಮೇಲೆ ಒಂದು ಟ್ರಂಕು ಹಿಡಿದುಕೊಂಡು, ಹೆಂಡತಿಯನ್ನು ಕಳೆದುಕೊಂಡು ಒಬ್ಬನೇ ಇದ್ದ ನನ್ನ ಮನೆಗೆ ಬಂದಳು. ಮನೆಯಲ್ಲಿ ನಮ್ಮದು ತುಳು. ದುಡ್ಡಿನ ವಿಷಯ ಬಂದರೆ ಮಾತ್ರ ಅಕ್ಕ ಕನ್ನಡಕ್ಕೆ ಬರುತ್ತಾಳೆ; ಕೌಂಟರಿನ ಆಚೆ ಯಾರೋ ಪಾಸ್‌ಬುಕ್ ಹಿಡಿದು ನಿಂತಿದ್ದಾರೆ ಎಂಬ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಾಳೆ.

ಅವಳ ಕೈಗೆ ಬಾಂಡು ಬಂದದ್ದು ನನ್ನ ಬುದ್ಧಿವಂತಿಕೆಯಿಂದ. ಬಂಟ್ವಾಳದಲ್ಲಿ ತಾಯಿಯ ಕಡೆಯಿಂದ ಬಂದ ತುಂಡು ಜಾಗವೊಂದು ರಸ್ತೆ ಅಗಲ ಮಾಡುವಾಗ ಹೋಯಿತು. ಅಕ್ಕನ ಪಾಲಿಗೆ ಬಂದ ಪರಿಹಾರ ಹನ್ನೆರಡು ಲಕ್ಷ. ಹಳ್ಳಿಯ ಶಾಖಾ ಅಂಚೆಯ ಅವಳ ಕೆಲಸಕ್ಕೆ ಪಿಂಚಣಿ ಇರಲಿಲ್ಲ, ಹಾಗಾಗಿ ಮುಂದಿನ ದಿನಗಳಿಗೆ ಇದ್ದದ್ದು ಇದೇ ಗಂಟು. ನಮ್ಮ ಜಿಲ್ಲೆಯವರಿಗೆ ದುಡ್ಡು ಬಂತೆಂದರೆ ಕಾಲು ತಾನಾಗಿ ಬ್ಯಾಂಕಿನ ಕಡೆಗೆ ಹೋಗುತ್ತದೆ, ಅಕ್ಕನೂ ಹೊರಟಿದ್ದಳು. ನಾನು ತಡೆದೆ. ಬ್ಯಾಂಕು ಆಗ ಒಂದು ಪರ್ಸೆಂಟು ಹೆಚ್ಚೇ ಕೊಡುತ್ತಿತ್ತು, ನಿಜ. ಆದರೆ ಬ್ಯಾಂಕಿನ ಮಾತು ಹೆಚ್ಚಾಗಿ ಐದು ವರ್ಷದ್ದು, ಆಮೇಲೆ ಅವರು ಹೇಳಿದ ಬಡ್ಡಿಗೆ ಒಪ್ಪಬೇಕು. ಸರ್ಕಾರಿ ಕಂಪೆನಿಯೊಂದು ಹೊರಡಿಸಿದ್ದ ಬಾಂಡು ಹದಿನೈದು ವರ್ಷದ್ದು. ಒಂದೊಂದರ ಮೇಲೆ ಬರೆದ ಬೆಲೆ, ಅಂದರೆ ಮುಖಬೆಲೆ, ಸಾವಿರ ರೂಪಾಯಿ. ಪ್ರತಿ ಡಿಸೆಂಬರಿನಲ್ಲಿ ಎಂಬತ್ತೈದು ರೂಪಾಯಿ ಬಡ್ಡಿ, ಕೊನೆಗೆ ಸಾವಿರ ವಾಪಸು. ಅಂಥವು ಸಾವಿರದ ಇನ್ನೂರು ತೆಗೆದುಕೊಂಡೆವು. ಅಂಚೆಯ ಉಳಿತಾಯಪತ್ರದ ಹಿಂದೆ ಯಾವ ವರ್ಷ ಮುರಿಸಿದರೆ ಎಷ್ಟು ಸಿಗುತ್ತದೆಂದು ಅಚ್ಚಾಗಿರುತ್ತಿತ್ತಲ್ಲ, ಅಕ್ಕ ಇದರಲ್ಲೂ ಅದನ್ನು ಹುಡುಕಿದಳು. ಇದಕ್ಕೆ ಕಾಗದವೇ ಇಲ್ಲ, ಎಲ್ಲ ಕಂಪ್ಯೂಟರಿನಲ್ಲಿ ಎಂದಾಗ ಅವಳ ಮುಖ ಸ್ವಲ್ಪ ಸಣ್ಣದಾಯಿತು.

ಅಕ್ಕ ನಿವೃತ್ತಿಯಾದ ಮಳೆಗಾಲದಲ್ಲಿ ಮುನಿಗಳೊಬ್ಬರು ಊರಿನಲ್ಲಿ ಚಾತುರ್ಮಾಸಕ್ಕೆ ನಿಂತಿದ್ದರು. ಅಕ್ಕ ಹೋಗಿ ಪರಿಗ್ರಹ ಪರಿಮಾಣ ವ್ರತ ತೆಗೆದುಕೊಂಡು ಬಂದಳು. ನನ್ನ ಬಳಿ ಇಷ್ಟೇ ಇರುತ್ತದೆ, ಇದಕ್ಕಿಂತ ಹೆಚ್ಚು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂದು ತನಗೆ ತಾನೇ ಗೆರೆ ಎಳೆದುಕೊಳ್ಳುವ ವ್ರತ ಅದು. ಆರು ಸೀರೆ, ಎರಡು ಜೊತೆ ಚಪ್ಪಲಿ, ಕತ್ತಿನ ಒಂದು ಸರ, ಮತ್ತೆ ದುಡ್ಡೆಲ್ಲ ಸೇರಿ ಹದಿನೈದು ಲಕ್ಷ. ಮೀರಿದ್ದೆಲ್ಲ ದಾನಕ್ಕೆ. ಏಳನೆಯ ಸೀರೆಯನ್ನು ನಾನು ತಿಳಿಯದೆ ತಂದಾಗ ಪೆಟ್ಟಿಗೆಯಿಂದ ಹಳೆಯದೊಂದನ್ನು ತೆಗೆದು ಅದೇ ಗಳಿಗೆಯಲ್ಲಿ ಕೆಲಸದವಳಿಗೆ ಕೊಟ್ಟಳು. ಆಮೇಲಷ್ಟೇ ಹೊಸತನ್ನು ಮುಟ್ಟಿದಳು. ಅವಳಿಗೆ ಈ ವ್ರತಕ್ಕಿಂತ ದೊಡ್ಡ ಆಸ್ತಿ ಬೇರೆ ಇರಲಿಲ್ಲ.

ದುಡ್ಡಿನ ಮೊತ್ತ ನೋಡಲು ಅವಳು ಅಕ್ಷಯ ತೃತೀಯವನ್ನು ಗೊತ್ತು ಮಾಡಿಕೊಂಡಿದ್ದಳು. ಆದಿನಾಥ ಸ್ವಾಮಿಗೆ ಕಬ್ಬಿನ ಹಾಲಿನ ಮೊದಲ ಆಹಾರದಾನ ಸಿಕ್ಕಿದ ದಿನ ಅದು. ಊರೆಲ್ಲ ಚಿನ್ನದ ಅಂಗಡಿಯಲ್ಲಿ ಸಾಲು ನಿಂತಿರುವಾಗ ಅಕ್ಕ ಊಟ ಮುಗಿಸಿ, ಜಗಲಿಗೆ ಬಂದು, ಕಾಲು ಚಾಚಿ ಕೂತು ಕೇಳುತ್ತಿದ್ದಳು.

“ಇವತ್ತು ನನ್ನ ಹತ್ತಿರ ಎಷ್ಟು ಉಂಟು?”

ಅಂಚೆ ಕಚೇರಿಯ ಎರಡು ಲಕ್ಷ, ಉಳಿತಾಯ ಖಾತೆಯ ಚಿಲ್ಲರೆ, ಬಾಂಡಿನ ಹನ್ನೆರಡು ಲಕ್ಷ ಎಂದು ನಾನು ಓದುತ್ತಿದ್ದೆ. ಒಟ್ಟು ಹದಿನಾಲ್ಕೂವರೆಯ ಆಚೀಚೆ ಬರುತ್ತಿತ್ತು. ಗೆರೆಯ ಒಳಗೇ ಇದ್ದರೂ ಆ ವರ್ಷದ ಬಡ್ಡಿಯಲ್ಲಿ ಖರ್ಚಾಗದೆ ಉಳಿದದ್ದನ್ನು ಅವಳು ಯಾರಿಗಾದರೂ ಕೊಟ್ಟುಬಿಡುತ್ತಿದ್ದಳು. ಆಮೇಲೆ ಬೆನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚುತ್ತಿದ್ದಳು. ಅವಳ ಮುಖದ ಮೇಲೆ ಆಗ ಬರುತ್ತಿದ್ದ ಸಮಾಧಾನವನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಒಂದು ವರ್ಷ ಸುಳ್ಳಿಲ್ಲದೆ ಕಳೆಯಿತು ಎಂದು ಅವಳು ನಂಬಿದ್ದಳು.

ಸುಳ್ಳು ನನ್ನ ಹತ್ತಿರ ಇತ್ತು. ಹನ್ನೆರಡು ಲಕ್ಷ ಎಂಬುದು ಬಾಂಡಿನ ಮುಖಬೆಲೆ, ಅದರ ಬೆಲೆಯಲ್ಲ. ಇದನ್ನು ನಾನು ಮೂವತ್ತೆರಡು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ. ಬಾಂಡು ಕೊಡುವ ಎಂಬತ್ತೈದು ಬದಲಾಗುವುದಿಲ್ಲ. ಸುತ್ತಲಿನ ಲೋಕದ ಬಡ್ಡಿ ಬದಲಾಗುತ್ತದೆ. ಬ್ಯಾಂಕುಗಳು ಐದು, ಐದೂವರೆಗೆ ಇಳಿದಾಗ ವರ್ಷಕ್ಕೆ ಎಂಬತ್ತೈದು ಕೊಡುವ ಬಾಂಡನ್ನು ಸಾವಿರಕ್ಕೆ ಯಾರು ಬಿಟ್ಟುಕೊಡುತ್ತಾರೆ? ಕೊಳ್ಳುವವರು ಸಾವಿರದ ನೂರು, ಇನ್ನೂರು ಎಂದು ಏರುತ್ತಾ ಹೋದರು. ಕೊರೊನಾದ ಕಾಲದಲ್ಲಿ ಅದು ಸಾವಿರದ ಮುನ್ನೂರರ ತನಕ ಹೋಗಿತ್ತು. ಹಾಗೆ ಕೊಂಡವನಿಗೂ ಸಿಗುವುದು ಅದೇ ಎಂಬತ್ತೈದು, ಅಂದರೆ ಅವನ ಪಾಲಿಗೆ ಆರೂವರೆ ಪರ್ಸೆಂಟು. ಕೊನೆಗೆ ಕೈಗೆ ಬರುವುದು ಸಾವಿರವೇ ಆದ್ದರಿಂದ ಮೇಲೆ ಕೊಟ್ಟ ಮುನ್ನೂರು ಕರಗುತ್ತದೆ, ಅದನ್ನೂ ಕಳೆದರೆ ಇನ್ನೂ ಕಡಿಮೆ. ಎರಡು ಕಡೆಯ ಪ್ರತಿಫಲವನ್ನು ಹೋಲಿಸುವಾಗ ಬರೆದಿರುವ ಬಡ್ಡಿಯನ್ನು ನೋಡಬೇಡಿ, ಕೊಟ್ಟ ಬೆಲೆಯನ್ನು ನೋಡಿ ಎಂದು ಹುಡುಗರಿಗೆ ಬೆಂಚು ಕುಟ್ಟಿ ಹೇಳುತ್ತಿದ್ದವನು ನಾನು.

ಇನ್ನೊಂದು ವಿಷಯ ಉಂಟು, ಅದು ನನಗೆ ಯಾವಾಗಲೂ ಕನಸಿನ ಹಾಗೆ ಕಂಡಿದೆ. ಬಡ್ಡಿ ಕೈಗೆ ಬರುವುದು ಡಿಸೆಂಬರಿನ ಒಂದು ದಿನ. ಆದರೆ ಅದು ಹುಟ್ಟುವುದು ಆ ದಿನವಲ್ಲ. ಒಂದೊಂದು ಬಾಂಡಿನಲ್ಲೂ ದಿನಕ್ಕೆ ಇಪ್ಪತ್ತಮೂರು ಪೈಸೆಯಂತೆ ಅದು ಕೂಡುತ್ತಾ ಇರುತ್ತದೆ. ಜುಲೈಯಲ್ಲಿ ಮಾರಿದವನಿಗೆ ಜುಲೈವರೆಗಿನದ್ದನ್ನು ಕೊಂಡವನು ಬೆಲೆಯೊಳಗೇ ಸೇರಿಸಿ ಕೊಡುತ್ತಾನೆ. ನಾವು ಜಗಲಿಯಲ್ಲಿ ಸುಮ್ಮನೆ ಕೂತ ಸಂಜೆಗೂ ಇಪ್ಪತ್ತಮೂರು ಪೈಸೆ ಇತ್ತು. ಅಕ್ಕ ಹೂ ಕಟ್ಟುವಾಗ, ನಾನು ತೂಕಡಿಸುವಾಗ, ಎದುರು ಗೋಡೆಯ ಬೆಳಕು ಹಳದಿಯಿಂದ ಕೆಂಪಿಗೆ ತಿರುಗುವಾಗ, ಯಾರೂ ಮುಟ್ಟದ ಯಾವುದೋ ಮೂಲೆಯಲ್ಲಿ ಅವಳ ದುಡ್ಡು ಬೆಳೆಯುತ್ತಿತ್ತು. ಮೊಬೈಲಿನಲ್ಲಿ ಬೆಲೆ ನೋಡುತ್ತಾ ನಾನು ಎಷ್ಟೋ ಸಂಜೆ ಅದೇ ಗುಂಗಿನಲ್ಲಿ ಕಳೆದಿದ್ದೇನೆ. ಬಡ್ಡಿ ಕೊಡುವ ಹೊತ್ತಿಗೆ ಬೆಲೆ ಎಂಬತ್ತೈದರಷ್ಟು ಒಮ್ಮೆಲೇ ಕೆಳಗಿಳಿದು, ಮಾರನೆಯ ದಿನ ಮತ್ತೆ ಪೈಸೆ ಪೈಸೆಯಾಗಿ ಹತ್ತಲು ತೊಡಗುತ್ತಿತ್ತು.

ಇದನ್ನೆಲ್ಲ ಕೂಡಿಸಿದರೆ ಅಕ್ಕನ ಬಾಂಡುಗಳ ನಿಜವಾದ ಬೆಲೆ ಒಂದು ವರ್ಷ ಹದಿನೈದೂವರೆ ಲಕ್ಷ ದಾಟಿತ್ತು. ಬೇರೆ ದುಡ್ಡು ಸೇರಿ ಹದಿನೆಂಟು. ಗೆರೆಯಿಂದ ಮೂರು ಲಕ್ಷ ಆಚೆ. ನಾನು ಓದಿದ್ದು ಮಾತ್ರ ಹನ್ನೆರಡು ಲಕ್ಷವೆಂದೇ.

ಮೊದಲ ವರ್ಷ ಅದು ಸೋಮಾರಿತನ. ಬೆಲೆ ನೂರು ಮೇಲಿದ್ದರೆ ಏನಾಯಿತು, ಕೊನೆಗೆ ಬರುವುದು ಸಾವಿರವೇ ಅಲ್ಲವೇ ಎಂದುಕೊಂಡೆ. ಆಮೇಲೆ ಅದು ಭಯ. ನಿಜ ಹೇಳಿದರೆ ಅವಳು ಮರುದಿನವೇ ಮೂರು ಲಕ್ಷ ಕೊಟ್ಟುಬಿಡುತ್ತಾಳೆ. ನಾಳೆ ಅವಳು ಹಾಸಿಗೆ ಹಿಡಿದರೆ ಆಸ್ಪತ್ರೆಯ ಖರ್ಚು ಯಾರದ್ದು? ನನ್ನ ಪಿಂಚಣಿ ನನಗೆ ಸಾಕು, ಇಬ್ಬರ ಕಾಯಿಲೆಗೆ ಸಾಲದು. ಅಕ್ಕನ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆ ಎಂದು ಬರೆದುಕೊಂಡರೆ ಚೆನ್ನಾಗಿರುತ್ತಿತ್ತು. ಅಲ್ಲ, ನಾನು ನನ್ನ ಬುಡ ನೋಡಿಕೊಂಡೆ. ಬಾಂಡಿನ ಒಂದು ಗುಣವನ್ನು ನಾನು ನಂಬಿಕೊಂಡಿದ್ದೆ: ಅವಧಿ ಮುಗಿಯುತ್ತಾ ಬಂದಂತೆ ಹೆಚ್ಚಿನ ಬೆಲೆ ತಾನಾಗಿ ಕರಗಿ ಮುಖಬೆಲೆಗೇ ಬಂದು ನಿಲ್ಲುತ್ತದೆ. ಇನ್ನು ಕೆಲವು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಸುಳ್ಳು ಯಾರಿಗೂ ತೊಂದರೆ ಕೊಡದೆ ನಿಜವಾಗಿಬಿಡುತ್ತಿತ್ತು.

ಹೋದ ವರ್ಷ ದೀಪಾವಳಿಯ ಮೊದಲು ಅದು ಬಯಲಾಯಿತು. ಚಾರ್ಮಾಡಿಯಲ್ಲಿ ಅಕ್ಕನ ಜೊತೆ ಇಪ್ಪತ್ತು ವರ್ಷ ಟಪಾಲು ಚೀಲ ಹೊತ್ತ ಹೆಂಗಸಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಬೆಳ್ತಂಗಡಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಅವಳಿಗೆ ಒಂದು ಲಕ್ಷ ಕೊಡುವ ಎಂದು ಅಕ್ಕ ತೀರ್ಮಾನಿಸಿದಳು. ನೂರು ಬಾಂಡು ಮಾರಿದರೆ ಆಯಿತಲ್ಲ ಎಂದಳು. ನಾನೊಬ್ಬನೇ ಹೋಗಿ ಬರುತ್ತೇನೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸಹಿ ತನ್ನದು, ತಾನೇ ಬರುತ್ತೇನೆ ಎಂದಳು. ಬಿ.ಸಿ. ರೋಡಿನಲ್ಲಿ ಶೇರು ಮಾರುವವರ ಒಂದು ಸಣ್ಣ ಆಫೀಸಿಗೆ ಇಬ್ಬರೂ ಹೋದೆವು.

ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಚುರುಕು. ಹತ್ತು ನಿಮಿಷದಲ್ಲಿ ಮಾರಿ, ಚೀಟಿ ಬರೆದು ಕೊಟ್ಟಳು. ಒಂದು ಲಕ್ಷದ ಹದಿನೇಳು ಸಾವಿರದ ಐನೂರು. ಅಕ್ಕ ಚೀಟಿಯನ್ನು ವಾಪಸು ಚಾಚಿ, ಲೆಕ್ಕ ತಪ್ಪಿದೆ, ನೂರು ಬಾಂಡಿಗೆ ಒಂದು ಲಕ್ಷ ಎಂದಳು. ಬೇರೆಯವರ ದುಡ್ಡು ತನ್ನ ಮೇಜಿಗೆ ಬಂದರೆ ಅವಳು ಹೀಗೇ ಗಾಬರಿಯಾಗುವುದು. ಹುಡುಗಿ ನಗುತ್ತಾ ವಿವರಿಸಿದಳು. ಕಳೆದ ಡಿಸೆಂಬರಿನಿಂದ ಇವತ್ತಿನವರೆಗಿನ ಬಡ್ಡಿ ಒಂದೊಂದಕ್ಕೆ ಎಪ್ಪತ್ತು ರೂಪಾಯಿ ಇದರೊಳಗೆ ಸೇರಿದೆ, ಮಿಕ್ಕಿದ್ದು ಬಾಂಡಿಗೆ ಬಂದ ಹೆಚ್ಚಿನ ಬೆಲೆ. ಈಗ ಇಳಿದಿದೆ ಅಮ್ಮ, ನಾಲ್ಕೈದು ವರ್ಷದ ಹಿಂದೆ ಮಾರಿದ್ದರೆ ಇನ್ನೂ ಸಿಗುತ್ತಿತ್ತು ಎಂದು ಪಾಪ ಒಳ್ಳೆಯ ಮನಸ್ಸಿನಿಂದ ಸೇರಿಸಿದಳು. ನಾನು ಫ್ಯಾನು ನೋಡುತ್ತಾ ಕೂತಿದ್ದೆ.

ಹೊರಗೆ ಬಂದ ಮೇಲೆ ಅಕ್ಕ ಹೊಳೆ ನೋಡುವ ಎಂದಳು. ನಾವು ಸಂಕ ಎನ್ನುವ ಪಾಣೆಮಂಗಳೂರಿನ ಹಳೆಯ ಸೇತುವೆಯ ಮೇಲೆ ಕಾರು ನಿಲ್ಲಿಸದೆ ಈಚೆ ಬದಿಗೆ ಬಿಟ್ಟು ನಡೆದೆವು. ಮಳೆ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ. ನೇತ್ರಾವತಿ ಅಗಲವಾಗಿ, ಅವಸರವಿಲ್ಲದೆ ಹೋಗುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ನೀರು ನಿಂತಿದೆಯೋ ಹರಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಅದನ್ನೇ ನೋಡುತ್ತಾ ನಿಂತರೆ ಸಂಕವೇ ನೀರಿಗೆ ಎದುರಾಗಿ ತೇಲಿ ಹೋಗುತ್ತಿದೆ ಅನಿಸುತ್ತಿತ್ತು. ನನಗೂ ಹಾಗೆ ಎಲ್ಲಿಗಾದರೂ ತೇಲಿ ಹೋದರೆ ಸಾಕಾಗಿತ್ತು.

“ಬೆಲೆ ಎಷ್ಟು ವರ್ಷದಿಂದ ಹೆಚ್ಚುಂಟು?” ಅಕ್ಕ ನೀರನ್ನು ನೋಡುತ್ತಲೇ ಕೇಳಿದಳು.

ಈ ವರ್ಷ ಏರಿದ್ದು ಎನ್ನಬಹುದಿತ್ತು. ಹುಡುಗಿಯ ಮಾತನ್ನು ಅವಳು ಕೇಳಿಸಿಕೊಂಡಿರದಿದ್ದರೆ ನಾನು ಹಾಗೆಯೇ ಹೇಳುತ್ತಿದ್ದೆನೋ ಏನೋ.

“ಏಳೆಂಟು ವರ್ಷದಿಂದ,” ಎಂದೆ.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ಕಾರಿನ ಕಡೆ ತಿರುಗಿ ನಡೆದಳು. ಸಿದ್ಧಕಟ್ಟೆಯ ದಾರಿಯಲ್ಲಿ ಮೂಡುಬಿದಿರೆಗೆ ಬರುವಾಗಲೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಮನೆಗೆ ಬಂದದ್ದು ಐದಕ್ಕೆ. ಬೆಳಗ್ಗೆಯೇ ಮಾಡಿಟ್ಟಿದ್ದ ಅನ್ನ, ಸೌತೆಕಾಯಿಯ ಹುಳಿ ಬಿಸಿ ಮಾಡಿ ನಾನೇ ಬಡಿಸಿದೆ. ಅವಳು ತಟ್ಟೆಯ ಮುಂದೆ ಕೂತಳು, ಅನ್ನ ಮುಟ್ಟಲಿಲ್ಲ. ಬಾಗಿಲಿನಿಂದ ಕಾಣುತ್ತಿದ್ದ ಎದುರು ಮನೆಯ ಗೋಡೆಯ ಮೇಲೆ ಬೆಳಕು ಹತ್ತುತ್ತಾ ಹೋಯಿತು. ಉಣ್ಣು ಅಕ್ಕ, ಹೊತ್ತು ಹೋಗುತ್ತದೆ ಎಂದೆ. ಅವಳು ಬೆರಳು ಮಡಚಿ ವರ್ಷಗಳನ್ನು ಎಣಿಸುತ್ತಿದ್ದಳು. ಏಳು ಅಕ್ಷಯ ತೃತೀಯಗಳು. ಗೋಡೆ ಬೂದಿಯ ಬಣ್ಣಕ್ಕೆ ತಿರುಗಿದಾಗ ಎದ್ದು, ತಟ್ಟೆಗೆ ಮುಚ್ಚಳ ಮುಚ್ಚಿ ಒಳಗೆ ಹೋದಳು. ನಾನು ಉಂಡೆ. ಹಸಿವಿತ್ತು, ಉಂಡೆ. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮರುದಿನ ಬಿಸಿಲು ಏರಿದ ಮೇಲೆ ಗಂಜಿ ಕುಡಿಯುತ್ತಾ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀನು ಎಲ್ಲ ಕೊಟ್ಟು ಕೈ ಖಾಲಿ ಮಾಡಿಕೊಂಡರೆ ನಾಳೆ ನನ್ನ ಮೇಲೆ ಬೀಳುತ್ತೀಯೆಂದು ಹೆದರಿದೆ ಎಂದೆ. ಬೈಯುತ್ತಾಳೆ, ಇಲ್ಲವೆ ಅಳುತ್ತಾಳೆ ಎಂದುಕೊಂಡಿದ್ದೆ.

“ಹಾಗಾದರೆ ವ್ರತ ತೆಗೆದುಕೊಳ್ಳುವಾಗಲೇ ಹೇಳಬೇಕಿತ್ತು ಮಾರಾಯ,” ಎಂದಳು. “ಗೆರೆಯನ್ನು ಇಪ್ಪತ್ತಕ್ಕೆ ಹಾಕಿಕೊಳ್ತಿದ್ದೆ. ಗೆರೆ ಎಲ್ಲಿ ಹಾಕ್ತೀ ಅಂತ ಯಾರೂ ಕೇಳುವುದಿಲ್ಲ. ಹಾಕಿದ ಮೇಲೆ ದಾಟಬಾರದು, ಅಷ್ಟೇ.”

ಒಂದು ಮಾತು ಸಾಕಾಗುತ್ತಿತ್ತು; ಅದೂ ನನ್ನ ಭಯದ ಮಾತು, ಅವಳ ದುಡ್ಡಿನದ್ದಲ್ಲ.

ಆಮೇಲೆ ಬಾಕಿ ತೀರಿಸುವ ಕೆಲಸ. ಹಿಂದಿನ ಒಂದೊಂದು ಅಕ್ಷಯ ತೃತೀಯದ ದಿನದ ಬೆಲೆಯನ್ನೂ ತರಿಸಬೇಕೆಂದಳು. ಬಿ.ಸಿ. ರೋಡಿನ ಹುಡುಗಿ ಪಟ್ಟಿ ಕಳಿಸಿಕೊಟ್ಟಳು. ನಾನು ಮೂರು ಸಂಜೆ ಜಗಲಿಯಲ್ಲಿ ಕೂತು ಬರೆದೆ. ಎಲ್ಲಕ್ಕಿಂತ ಹೆಚ್ಚು ಮೀರಿದ ವರ್ಷದ ಮೂರು ಲಕ್ಷದ ಹತ್ತು ಸಾವಿರ ಕೊಡಬೇಕು; ಉಳಿದ ವರ್ಷಗಳಲ್ಲಿ ಮೀರಿದ್ದೂ ಅದರಲ್ಲೇ ಸೇರಿಹೋಗುತ್ತದೆ. ಆಗಲೇ ಕೊಟ್ಟಿದ್ದರೆ ಅಷ್ಟು ಬಾಂಡು ಕಡಿಮೆಯಾಗುತ್ತಿತ್ತು, ಅವುಗಳಿಂದ ಆಮೇಲೆ ಬಂದ ಬಡ್ಡಿಯೂ ತನ್ನದಲ್ಲ; ಅದೊಂದು ಲಕ್ಷ. ಟಪಾಲು ಹೊತ್ತವಳಿಗೆ ಕೊಟ್ಟದ್ದನ್ನು ಇದರಲ್ಲಿ ಕಳೆಯೋಣವೇ ಎಂದು ಮೆಲ್ಲಗೆ ಕೇಳಿದೆ. ಬೇಡ, ಅದು ನಾನು ಕೊಟ್ಟದ್ದು, ಇದು ಕೊಡಬೇಕಾದದ್ದು ಎಂದಳು. ಇನ್ನೂ ಮುನ್ನೂರೈವತ್ತು ಬಾಂಡು ಮಾರಿದೆವು. ಡಯಾಲಿಸಿಸ್‌ಗೆ ಹೋಗಿ ಬರುವ ಬಡವರ ಔಷಧಿಗೆ, ವಾಹನಕ್ಕೆ ಆ ದುಡ್ಡು ಹೋಯಿತು. ಎಷ್ಟೋ ದಿನ ಅಕ್ಕ ಬಸದಿಗೆ ಹೋಗಿ ಬಂದು ನನ್ನ ಹತ್ತಿರ ಎಂದಿನಂತೆಯೇ ಮಾತಾಡಿದಳು, ಉಪ್ಪು ಕಡಿಮೆಯಾಯಿತೆಂದು ಗೊಣಗಿದಳು, ನನ್ನ ಔಷಧಿಯ ಡಬ್ಬಿ ತುಂಬಿಸಿಟ್ಟಳು. ಎಲ್ಲ ಸರಿಯಾಯಿತು ಎಂದುಕೊಂಡೆ.

ಈ ವರ್ಷದ ಅಕ್ಷಯ ತೃತೀಯದಂದು ಊಟ ಮುಗಿಸಿ ಜಗಲಿಗೆ ಬಂದೆವು. ಬಿಸಿಲು ಇನ್ನೂ ಇತ್ತು. ಅಂಗಳದಲ್ಲಿ ಒಣಗಲು ಹಾಕಿದ ಸಂಡಿಗೆಯ ವಾಸನೆ, ಎಲ್ಲೋ ಒಂದು ಮನೆಯಲ್ಲಿ ರೇಡಿಯೋ, ಹಗುರವಾದ ನಿದ್ದೆಯಂಥ ಸಂಜೆ. ಅಕ್ಕ ಕಾಲು ಚಾಚಿಕೊಂಡು ಇವತ್ತು ತನ್ನ ಹತ್ತಿರ ಎಷ್ಟಿದೆ ಎಂದು ಕೇಳಿದಳು. ನಾನು ಹುರುಪಿನಿಂದಲೇ ಹೇಳತೊಡಗಿದೆ. ಉಳಿದ ಬಾಂಡು ಏಳುನೂರ ಐವತ್ತು. ಇವತ್ತಿನ ಬೆಲೆ ಸಾವಿರದ ನೂರ ಮೂವತ್ತು, ಡಿಸೆಂಬರಿನಿಂದ ಇವತ್ತಿನವರೆಗಿನ ಬಡ್ಡಿಯೂ ಅದರೊಳಗೇ ಉಂಟು. ಅಂಚೆ ಕಚೇರಿಯದ್ದು, ಖಾತೆಯದ್ದು ಸೇರಿ ಹನ್ನೊಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಗೆರೆಯಿಂದ ಬಹಳ ಈಚೆ. ಒಂದು ಪೈಸೆಯನ್ನೂ ಮರೆಮಾಡದೆ ಹೇಳಿದ್ದು ಏಳೆಂಟು ವರ್ಷದಲ್ಲಿ ಅದೇ ಮೊದಲು, ಎದೆ ಹಗುರವಾಗಿತ್ತು.

“ಗೆರೆ ಮೀರಿತೆಂದು ಕೊಡ್ಲಿಕ್ಕೆ ಈ ವರ್ಷ ಏನೂ ಇಲ್ಲ ಅಕ್ಕ,” ಎಂದೆ.

ಅವಳು ಗೋಡೆಗೆ ಒರಗಲಿಲ್ಲ, ಕಣ್ಣು ಮುಚ್ಚಲಿಲ್ಲ. ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಕೌಂಟರಿನ ಆಚೆ ನಿಂತ ಅಪರಿಚಿತನ ಹತ್ತಿರ ಕೇಳುವ ಹಾಗೆ ಮೆಲ್ಲಗೆ ಕೇಳಿದಳು.

“ನೀನು ಹೇಳುವುದು ನಿಜವಾ?”

ಹುಟ್ಟಿದಂದಿನಿಂದ ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಈ ಎಪ್ಪತ್ತು ವರ್ಷದಲ್ಲಿ ಒಂದು ಸಲವೂ ಅವಳು ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ನಾನು ಮೊಬೈಲನ್ನು ಅವಳ ಕೈಗೆ ಕೊಟ್ಟೆ. ಅವಳು ಒಳಗೆ ಹೋಗಿ ಕನ್ನಡಕ ತಂದಳು; ಬೆಳಕಿರುವ ಕಡೆಗೆ ಸರಿದು ಕೂತು ಒಂದೊಂದೇ ಅಂಕಿಯನ್ನು ಬೆರಳಿಟ್ಟು ಓದಿದಳು.